ಹುಳುವಿನ ಮನೆಗೆ ಕಿಟಕಿ ಇದೆ, ಮಗಳ ರೂಮಿಗೆ?

ಟಿ. ನರಸೀಪುರ, ಕೊಳ್ಳೇಗಾಲ, ಚಾಮರಾಜನಗರದ ಕಡೆ ರೇಷ್ಮೆ ಸಾಕುವವರಿಗೆ ಗಾಳಿಯ ಪಾಠ ಯಾರೂ ಹೇಳಿಕೊಡಬೇಕಾಗಿಲ್ಲ. ಹುಳು ನಾಲ್ಕನೇ ಜ್ವರದಿಂದ ಎದ್ದ ಮೇಲೆ ಸೊಪ್ಪು ಎಷ್ಟು ಮುಖ್ಯವೋ ಗಾಳಿಯೂ ಅಷ್ಟೇ ಮುಖ್ಯ. ಮನೆ ಕಾದರೆ, ಗಾಳಿ ಕಟ್ಟಿದರೆ ಸಪ್ಪೆ ರೋಗ ಬರುತ್ತದೆ, ಇಡೀ ಬೆಳೆಯೇ ಹೋಗುತ್ತದೆ. ಅದಕ್ಕೇ ಹುಳುವಿನ ಮನೆಗೆ ಎದುರುಬದುರು ಕಿಟಕಿ, ಸೂರಿನ ಹತ್ತಿರ ಗಾಳಿಕಿಂಡಿ, ಗೋಡೆಯಲ್ಲಿ ಥರ್ಮಾಮೀಟರ್, ಬೇಸಿಗೆಯಲ್ಲಿ ಒದ್ದೆ ಗೋಣಿತಾಟು. ದೊಡ್ಡ ಹುಳುವಿಗೆ 24ರಿಂದ 26 ಡಿಗ್ರಿ ಶಾಖ, ತೇವಾಂಶ ಶೇ. 70ರ ಆಸುಪಾಸು ಇರಬೇಕು ಅಂತ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯವರು ಎಷ್ಟೋ ವರ್ಷಗಳಿಂದ ಹೇಳುತ್ತಿದ್ದಾರೆ. ನಮ್ಮವರು ಕೇಳಿಯೂ ಇದ್ದಾರೆ. ನಡುರಾತ್ರಿ ಎದ್ದು ಹೋಗಿ, ಟಾರ್ಚ್ ಬಿಟ್ಟು ಎಷ್ಟು ಡಿಗ್ರಿ ಅಂತ ನೋಡಿ ಬಂದು ಮಲಗುವ ರೈತರನ್ನು ನಾನು ಕಂಡಿದ್ದೇನೆ.

ಅದೇ ರೈತರು ಮಗಳನ್ನು ಕಾಲೇಜಿಗೆ ಸೇರಿಸಲು ಮೈಸೂರಿಗೆ ಬರುತ್ತಾರೆ. ಹಾಸ್ಟೆಲ್ ಸಿಗಲಿಲ್ಲ ಅಂತ ಪಿ.ಜಿ. ಹುಡುಕುತ್ತಾರೆ. ಗೇಟು ಇದೆಯಾ, ರಾತ್ರಿ ಎಷ್ಟು ಗಂಟೆಗೆ ಬೀಗ ಹಾಕ್ತೀರಿ, ಊಟಕ್ಕೆ ಏನು ಕೊಡ್ತೀರಿ, ಬಿಸಿನೀರು ಬರುತ್ತಾ, ಅಡ್ವಾನ್ಸ್ ಎಷ್ಟು, ಎಲ್ಲವನ್ನೂ ಕೇಳುತ್ತಾರೆ. ಕಿಟಕಿ ಎಲ್ಲಿ ಅಂತ ಮಾತ್ರ ಕೇಳುವುದಿಲ್ಲ.

ನಾನು ಈ ಊರಿಗೆ ಓದಲು ಬಂದು ನಾಲ್ಕಾರು ರೂಮುಗಳಲ್ಲಿ ಇದ್ದೆ, ಗೆಳೆಯರ ರೂಮುಗಳಲ್ಲೂ ಎಷ್ಟೋ ರಾತ್ರಿ ಮಲಗಿದೆ. ಪಡುವಾರಹಳ್ಳಿ, ಬೋಗಾದಿ, ಸರಸ್ವತಿಪುರಂ, ಹೀಗೆ ಕಾಲೇಜುಗಳ ಸುತ್ತಮುತ್ತ. ಒಳ್ಳೆಯ ರೂಮುಗಳೂ ಇವೆ, ಸುಳ್ಳು ಹೇಳಬಾರದು. ಆದರೆ ಕಡಿಮೆ ಬಾಡಿಗೆಯವು ಹೆಚ್ಚಾಗಿ ಹೀಗಿರುತ್ತವೆ: ಒಂದು ಹಾಲ್‌ಗೆ ಪ್ಲೈವುಡ್ ಅಡ್ಡ ಹಾಕಿ ಎರಡು ರೂಮು ಮಾಡಿರುತ್ತಾರೆ. ಕಿಟಕಿ ಒಂದರ ಪಾಲಿಗೆ ಹೋಗಿರುತ್ತದೆ, ಇನ್ನೊಂದಕ್ಕೆ ಬಾಗಿಲೇ ಗತಿ. ಇಲ್ಲವೇ ಕಿಟಕಿ ಇರುತ್ತದೆ, ಅದು ತೆರೆಯುವುದು ಪೈಪುಗಳು ಇಳಿಯುವ ಡಕ್ಟ್‌ನ ಒಳಕ್ಕೆ. ಕೆಳಗಿನ ಮನೆಯ ಒಗ್ಗರಣೆ, ಮೇಲಿನ ಬಚ್ಚಲಿನ ವಾಸನೆ ಎರಡೂ ಅಲ್ಲಿಂದಲೇ ಬರುತ್ತವೆ. ಮೂರು ಮಂಚ, ಮೂರು ಟ್ರಂಕು, ಮಳೆಗಾಲದಲ್ಲಿ ಅಡ್ಡಡ್ಡ ಹಗ್ಗ ಕಟ್ಟಿ ಒಣಹಾಕಿದ ಬಟ್ಟೆ. ಒಬ್ಬರು ರಾತ್ರಿ ಎರಡರವರೆಗೆ ಟ್ಯೂಬ್‌ಲೈಟ್ ಹಾಕಿಕೊಂಡು ಓದುತ್ತಾರೆ, ಇನ್ನೊಬ್ಬರಿಗೆ ಬೆಳಿಗ್ಗೆ ಐದಕ್ಕೆ ಅಲಾರಾಂ. ಕೆಳಗೆ ಕಾಯಿಲ್ ಉರಿಯುತ್ತಿರುತ್ತದೆ.

ಇಂಥ ರೂಮಿನಲ್ಲಿ ಮಲಗಿದವರು ಬೆಳಿಗ್ಗೆ ತಲೆ ಹಿಡಿದುಕೊಂಡು ಎದ್ದರೆ ಮನೆಯವರು ಏನೆನ್ನುತ್ತಾರೆ? ಪಿತ್ತ ಅನ್ನುತ್ತಾರೆ. ಮೊಬೈಲ್ ಜಾಸ್ತಿ ನೋಡ್ತೀಯ ಅನ್ನುತ್ತಾರೆ. ಕನ್ನಡಕ ಹಾಕಿಸೋಣ ಅನ್ನುತ್ತಾರೆ. ಕೊನೆಗೆ, ಓದು ತಲೆಗೆ ಹತ್ತುತ್ತಿಲ್ಲ ಅನ್ನುತ್ತಾರೆ. ಈ ಕೊನೆಯ ಮಾತಿಗಾಗಿಯೇ ನಾನು ಇದನ್ನು ಬರೆಯುತ್ತಿರುವುದು.

ನಮ್ಮ ಸಂಬಂಧಿಕರ ಹುಡುಗಿಯೊಬ್ಬಳು ಎಚ್.ಡಿ. ಕೋಟೆ ಕಡೆಯಿಂದ ಬಿ.ಎಸ್ಸಿ.ಗೆ ಬಂದಳು. ಪಿ.ಯು.ಸಿ.ಯಲ್ಲಿ ಊರಿಗೇ ಒಳ್ಳೆಯ ಮಾರ್ಕ್ಸ್ ತೆಗೆದವಳು. ಮೊದಲ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ವಾರದಲ್ಲಿ ನಾಲ್ಕು ದಿನ ತಲೆನೋವು. ಬೆಳಿಗ್ಗೆ ಏಳುವಾಗಲೇ ಹಣೆಗೆ ಕಬ್ಬಿಣದ ಪಟ್ಟಿ ಬಿಗಿದ ಹಾಗೆ ಆಗುತ್ತಿತ್ತಂತೆ, ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತಿತ್ತಂತೆ. ಕಣ್ಣು ಪರೀಕ್ಷೆ ಆಯಿತು, ಸರಿಯಿತ್ತು. ಹರಕೆ ಆಯಿತು. ಮೆಡಿಕಲ್ ಸ್ಟೋರಿನ ಮಾತ್ರೆ ದಿನವೂ ನಡೆಯುತ್ತಿತ್ತು. ಅವಳಪ್ಪ, ಮಗಳ ಮೇಲೆ ಪ್ರಾಣ ಇಟ್ಟುಕೊಂಡಿರುವ ಮನುಷ್ಯ, "ಸಾಕು ಕಣವ್ವ, ಓದಿ ಓದಿ ತಲೆ ಕೆಡಿಸ್ಕೊಳೋದು ಬ್ಯಾಡ, ಮನೆಗೆ ಬಂದ್ಬುಡು" ಅಂದರು. ಮನೆಗೆ ಬಂದ ಮೇಲೆ ಏನು ಅನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯವೇ. ಜಾತಕ ಆಗಲೇ ಎರಡು ಕಡೆ ಹೋಗಿತ್ತು.

ನಾವು ಒಂದಿಬ್ಬರು ಸೇರಿ ಅವಳಿಗೆ ಹೇಳಿದ್ದು ಇಷ್ಟೇ. ಒಂದು ನೋಟ್‌ಬುಕ್ಕಿನಲ್ಲಿ ದಿನವೂ ಬರೆದಿಡು, ಯಾವತ್ತು ನೋವು ಬಂತು, ಎಷ್ಟು ಹೊತ್ತಿಗೆ ಬಂತು, ರಾತ್ರಿ ಎಲ್ಲಿ ಮಲಗಿದ್ದೆ, ಎಷ್ಟು ಮಾತ್ರೆ ತಗೊಂಡೆ. ತಿಂಗಳಾದ ಮೇಲೆ ನೋಡಿದರೆ, ಹಬ್ಬಕ್ಕೆ ಊರಿಗೆ ಹೋಗಿದ್ದ ಐದು ದಿನವೂ ಪುಟ ಖಾಲಿ. ವಾಪಸ್ ಬಂದ ಮಾರನೆಯ ಬೆಳಿಗ್ಗೆಯಿಂದ ಮತ್ತೆ ಶುರು. ಅವಳ ಮಂಚ ಇದ್ದದ್ದು ಪ್ಲೈವುಡ್ಡಿನ ಈಚೆ, ಕಿಟಕಿ ಇಲ್ಲದ ಪಾಲಿನಲ್ಲಿ.

ರೂಮು ಬದಲಾಯಿಸಿದ ಮೇಲೆ ನೋವು ಪೂರ್ತಿ ಹೋಯಿತು ಅಂತ ಬರೆದರೆ ಕಥೆ ಚೆನ್ನಾಗಿರುತ್ತದೆ, ಆದರೆ ಹಾಗಾಗಲಿಲ್ಲ. ಅವಳಿಗೆ ಮೈಗ್ರೇನ್ ಇತ್ತು, ಅವಳಮ್ಮನಿಗೂ ಇದೆ. ಡಾಕ್ಟರ ಹತ್ತಿರ ಹೋಗಿ ಸರಿಯಾದ ಔಷಧಿ ಶುರು ಮಾಡಬೇಕಾಯಿತು. ಆದರೆ ವಾರಕ್ಕೆ ನಾಲ್ಕು ಸಲ ಬರುತ್ತಿದ್ದದ್ದು ತಿಂಗಳಿಗೆ ಎರಡು ಮೂರಕ್ಕೆ ಇಳಿಯಿತು. ಈಗ ಕೊನೆಯ ವರ್ಷದಲ್ಲಿದ್ದಾಳೆ.

ಮುಚ್ಚಿದ ರೂಮಿನಲ್ಲಿ ರಾತ್ರಿ ಏನು ನಡೆಯುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾವು ಬಿಡುವ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಇರುತ್ತದೆ. ಬಯಲಿನ ಗಾಳಿಯಲ್ಲಿ ಅದು ಹತ್ತು ಲಕ್ಷಕ್ಕೆ ಸುಮಾರು 420 ಪಾಲು. ಕಿಟಕಿ ಬಾಗಿಲು ಹಾಕಿಕೊಂಡು ಮಲಗಿದರೆ ಬೆಳಗಿನ ಹೊತ್ತಿಗೆ ಅದು 2,000, 3,000 ದಾಟುತ್ತದೆ. ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾಲಯದವರು ಇದನ್ನು ವಿದ್ಯಾರ್ಥಿಗಳ ಹಾಸ್ಟೆಲ್‌ನಲ್ಲೇ ಪರೀಕ್ಷೆ ಮಾಡಿದರು, ವರದಿ 2016ರಲ್ಲಿ ಪ್ರಕಟವಾಯಿತು. ಒಂದು ರೂಮಿಗೆ ಒಬ್ಬರೇ. ಒಂದು ವಾರ ಗಾಳಿ ಕಟ್ಟಿದ ರೂಮು, ಇನ್ನೊಂದು ವಾರ ಕಿಟಕಿ ತೆರೆದು ಇಲ್ಲವೇ ಹೊರಗಿನ ಗಾಳಿ ಎಳೆಯುವ ಫ್ಯಾನ್ ಹಾಕಿದ ರೂಮು. ಕಟ್ಟಿದ ರೂಮಿನಲ್ಲಿ ಅಳತೆ ಸುಮಾರು 2,500, ಗಾಳಿ ಆಡುವ ರೂಮಿನಲ್ಲಿ 900ಕ್ಕಿಂತ ಕಡಿಮೆ. ಗಾಳಿ ಆಡಿದ ರಾತ್ರಿಗಳಲ್ಲಿ ನಿದ್ದೆ ಚೆನ್ನಾಗಿ ಬಂತು, ಮರುದಿನ ತೂಕಡಿಕೆ ಕಡಿಮೆಯಾಯಿತು, ತರ್ಕದ ಪ್ರಶ್ನೆಗಳಿಗೆ ಉತ್ತರ ಬರೆಯುವುದೂ ಸುಧಾರಿಸಿತು. ಅಲ್ಲಿ ಒಬ್ಬರೇ ಮಲಗಿದ್ದ ರೂಮಿನ ಲೆಕ್ಕ ಇದು. ನಮ್ಮಲ್ಲಿ ಅದಕ್ಕಿಂತ ಚಿಕ್ಕ ರೂಮಿನಲ್ಲಿ ಮೂವರು.

ಆ ಮಟ್ಟದ ಡೈಆಕ್ಸೈಡ್ ವಿಷವಲ್ಲ, ಹೆದರಬೇಕಾಗಿಲ್ಲ. ಅದು ಹೆಚ್ಚಾಗಿದೆ ಅಂದರೆ ರೂಮಿನ ಗಾಳಿ ಬದಲಾಗುತ್ತಿಲ್ಲ ಅಂತ ಅರ್ಥ. ಗಾಳಿ ಬದಲಾಗದಿದ್ದರೆ ಒಳಗೆ ಇರುವುದೆಲ್ಲ, ಅಂದರೆ ಬೆವರು, ಶಾಖ, ತೇವ, ಬೂಷ್ಟು, ಹೊಗೆ, ಫಿನಾಯಿಲ್ ವಾಸನೆ ಎಲ್ಲ ಅಲ್ಲೇ ಉಳಿಯುತ್ತವೆ. ನಿದ್ದೆ ಆಳಕ್ಕೆ ಇಳಿಯಬೇಕಾದರೆ ಮೈಯೊಳಗಿನ ಶಾಖ ಸ್ವಲ್ಪ ಇಳಿಯಬೇಕು. ಹಗಲೆಲ್ಲ ಬಿಸಿಲು ಕುಡಿದ ಆರ್‌ಸಿಸಿ ಸೂರು ರಾತ್ರಿಯೆಲ್ಲ ಆ ಬಿಸಿಯನ್ನು ಕೆಳಕ್ಕೆ ಬಿಡುತ್ತಿದ್ದರೆ ಮೈ ಎಲ್ಲಿ ತಣಿಯಬೇಕು? ಫ್ಯಾನು ಅದೇ ಬಿಸಿಗಾಳಿಯನ್ನು ತಿರುಗಿಸುತ್ತಿರುತ್ತದೆ ಅಷ್ಟೆ. ಸಲಸಲಕ್ಕೂ ಎಚ್ಚರವಾಗುತ್ತದೆ, ಬೆಳಿಗ್ಗೆ ನೆನಪೂ ಇರುವುದಿಲ್ಲ. ನಿದ್ದೆ ಕೆಟ್ಟರೆ ತಲೆನೋವು, ತಲೆನೋವು ಬಂದರೆ ನಿದ್ದೆ ಇಲ್ಲ, ಹೀಗೇ ಸುತ್ತುತ್ತಿರುತ್ತದೆ.

ಈಗ ಕಾಯಿಲ್ ವಿಷಯ. ಚೀನಾ ಮತ್ತು ಮಲೇಷ್ಯಾದ ಸೊಳ್ಳೆ ಕಾಯಿಲ್‌ಗಳನ್ನು ಉರಿಸಿ ಅಳೆದ ಅಧ್ಯಯನವೊಂದು 2003ರಲ್ಲಿ ಬಂತು. ಒಂದು ಕಾಯಿಲ್ ಪೂರ್ತಿ ಉರಿದರೆ ಬರುವ ಸೂಕ್ಷ್ಮ ಹೊಗೆಕಣ 75ರಿಂದ 137 ಸಿಗರೇಟು ಸುಟ್ಟಷ್ಟಕ್ಕೆ ಸಮ ಅಂತ ಅದು ಹೇಳಿತು. ಮನೆಯಲ್ಲಿ ಬೀಡಿ ಸೇದಿದರೆ ಹೊರಗೆ ಹೋಗಿ ಅಂತ ಗದರುವ ಅಜ್ಜಿಯೇ ಮೊಮ್ಮಗುವಿನ ಮಂಚದ ಕೆಳಗೆ ಕಾಯಿಲ್ ಹಚ್ಚಿಡುತ್ತಾಳೆ, ಕಿಟಕಿ ಹಾಕುತ್ತಾಳೆ. ಲಿಕ್ವಿಡ್ ಮಿಷನ್ನಿನಲ್ಲಿ ಹೊಗೆ ಇಲ್ಲ ನಿಜ, ಆದರೆ ಅದರ ಆವಿಯೂ ಮುಚ್ಚಿದ ರೂಮಿನಲ್ಲಿ ಕೆಲವರಿಗೆ ಆಗುವುದಿಲ್ಲ.

ಅಗರಬತ್ತಿಯ ಬಗ್ಗೆ ಮೈಸೂರಿನಲ್ಲಿ ಕೂತು ಬರೆಯುವುದು ಸ್ವಲ್ಪ ಕಷ್ಟ. ಭೌಗೋಳಿಕ ಗುರುತು ಸಿಕ್ಕಿರುವ ನಮ್ಮೂರಿನ ಪದಾರ್ಥ ಅದು, ಸಾವಿರಾರು ಮನೆಗಳ ಹೆಂಗಸರ ಕೈಗೆ ಕಾಸು ಕೊಟ್ಟಿದೆ. ದೇವರ ಮುಂದೆ ಹಚ್ಚಿ, ಬೇಡ ಅನ್ನುವುದಿಲ್ಲ. ಮಲಗುವ ರೂಮಿನಲ್ಲಿ, ಬಾಗಿಲು ಹಾಕಿಕೊಂಡು, ಬೂಷ್ಟಿನ ವಾಸನೆ ಮುಚ್ಚುವುದಕ್ಕೆ ಅಂತ ಹಚ್ಚಬೇಡಿ. ಮೈಗ್ರೇನ್ ಇರುವವರಿಗೆ ಗಾಢವಾದ ವಾಸನೆಯೇ ಸಾಕು, ಅದು ಮಲ್ಲಿಗೆಯಾದರೂ ಸರಿ, ಸೆಂಟಾದರೂ ಸರಿ.

ತಲೆನೋವು ಅಂದರೆ ಪೇಟೆಯವರ ಕಾಯಿಲೆ, ಹೊಲದಲ್ಲಿ ದುಡಿಯುವವರಿಗೆ ಎಲ್ಲಿಯದು ಅನ್ನುವ ಮಾತು ನಮ್ಮ ಕಡೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನವರು 2009ರ ಸುಮಾರಿಗೆ ಬೆಂಗಳೂರು ನಗರ ಮತ್ತು ಸುತ್ತಲ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಸುಮಾರು 2,300 ಜನರನ್ನು ಮಾತನಾಡಿಸಿದ್ದರು. ಹಿಂದಿನ ಒಂದು ವರ್ಷದಲ್ಲಿ ತಲೆನೋವು ಅನುಭವಿಸಿದವರು ನೂರಕ್ಕೆ 64 ಜನ. ನಗರದಲ್ಲಿ 57, ಹಳ್ಳಿಗಳಲ್ಲಿ 71. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ನಮ್ಮ ಹೆಂಗಸರು ಹಣೆಗೆ ಬಟ್ಟೆ ಬಿಗಿದುಕೊಂಡು, ಅಮೃತಾಂಜನ ಹಚ್ಚಿಕೊಂಡು ಕಳೆ ಕೀಳಲು ಹೋಗುವುದನ್ನು ನೋಡಿದವರಿಗೆ ಈ ಲೆಕ್ಕ ಆಶ್ಚರ್ಯ ಅನಿಸುವುದಿಲ್ಲ.

ಮಾತ್ರೆಯ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡಬೇಕು, ಇದು ಬಹಳ ಜನರಿಗೆ ತಿಳಿಯದು. ನೋವಿನ ಮಾತ್ರೆಯನ್ನು ತಿಂಗಳಲ್ಲಿ ಹತ್ತು ಹದಿನೈದು ದಿನಕ್ಕಿಂತ ಹೆಚ್ಚು, ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತ ಹೋದರೆ ಆ ಮಾತ್ರೆಯೇ ತಲೆನೋವು ತರುತ್ತದೆ. ಬೆಳಿಗ್ಗೆ ಹೊತ್ತಿಗೆ ಹಿಂದಿನ ಮಾತ್ರೆಯ ಪ್ರಭಾವ ಇಳಿದಿರುತ್ತದೆ, ತಲೆ ಇನ್ನೊಂದು ಕೇಳುತ್ತದೆ. ಕಿಟಕಿ ಇಲ್ಲದ ರೂಮು ಶುರು ಮಾಡಿದ ನೋವನ್ನು ಮೆಡಿಕಲ್ ಸ್ಟೋರಿನ ಸ್ಟ್ರಿಪ್ ಮುಂದುವರಿಸುತ್ತದೆ.

ಎಲ್ಲ ತಲೆನೋವಿಗೂ ರೂಮೇ ಕಾರಣ ಅಂತ ದಯವಿಟ್ಟು ತಿಳಿಯಬೇಡಿ. ಒಮ್ಮೆಗೇ ಸಿಡಿಲು ಬಡಿದ ಹಾಗೆ ಬಂದ ನೋವು, ಜ್ವರ ಮತ್ತು ಕತ್ತು ಸೆಟೆದುಕೊಂಡದ್ದು, ಮಾತು ತೊದಲುವುದು, ಒಂದು ಕೈ ಜೋಮು, ತಲೆಗೆ ಪೆಟ್ಟು ಬಿದ್ದ ಮೇಲೆ ಶುರುವಾದದ್ದು, ಐವತ್ತು ದಾಟಿದವರಿಗೆ ಹೊಸದಾಗಿ ಬಂದದ್ದು, ಬಸುರಿಯರಿಗೆ ಬಂದದ್ದು, ದಿನದಿಂದ ದಿನಕ್ಕೆ ಜಾಸ್ತಿಯಾಗುತ್ತಿರುವುದು, ಇವಕ್ಕೆ ಕಿಟಕಿ ತೆರೆದು ಕೂರಬಾರದು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಗಟ್ಟಿಯಾಗಿ ಗೊರಕೆ ಹೊಡೆಯುತ್ತ, ನಡುನಡುವೆ ಉಸಿರು ನಿಂತ ಹಾಗಾಗಿ, ಬೆಳಿಗ್ಗೆ ತಲೆ ಭಾರ ಅನ್ನುವವರೂ ಡಾಕ್ಟರಿಗೆ ತೋರಿಸಬೇಕು. ಅದು ಗೊರಕೆಯ ತಮಾಷೆಯಲ್ಲ, ಕಾಯಿಲೆ.

ಇಷ್ಟು ಬಿಟ್ಟರೆ ಉಳಿದ ಬೆಳಗಿನ ತಲೆನೋವುಗಳಿಗೆ ಎರಡೇ ಪ್ರಶ್ನೆ ಕೇಳಿಕೊಳ್ಳಿ. ಹೊರಗೆ ಹೋದ ಮೇಲೆ ಇಳಿಯುತ್ತದೆಯೇ? ಬೇರೆ ಕಡೆ ಮಲಗಿದ ದಿನ ಬರುವುದಿಲ್ಲವೇ? ಎರಡಕ್ಕೂ ಹೌದು ಅಂತಾದರೆ ಮೊದಲು ರೂಮು ನೋಡಿ. ಮೂರನೆಯದೂ ಒಂದಿದೆ: ರೂಮಿನಲ್ಲಿ ಮಲಗಿದ ಎಲ್ಲರಿಗೂ ಒಟ್ಟಿಗೆ ತಲೆನೋವು, ವಾಕರಿಕೆ ಬರುತ್ತಿದೆಯೇ? ಹಾಗಿದ್ದರೆ ಯೋಚನೆ ಮಾಡುತ್ತ ನಿಲ್ಲಬೇಡಿ, ಎಲ್ಲರೂ ಆ ಕ್ಷಣವೇ ಹೊರಗೆ ಬನ್ನಿ, ಆಸ್ಪತ್ರೆಗೆ ಹೋಗಿ. ಗ್ಯಾಸ್ ಗೀಸರ್, ಚಳಿಗೆ ಇಟ್ಟುಕೊಂಡ ಇದ್ದಿಲ ಕೆಂಡ, ಇವುಗಳಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ಕೂತುಬಿಡುತ್ತದೆ. ಮೊದಲು ಬರುವುದು ತಲೆನೋವು, ಆಮೇಲೆ ಮಂಪರು. ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ. ಬಚ್ಚಲಿಗೆ ಅಂಟಿಕೊಂಡ ರೂಮು, ಬಚ್ಚಲಿನಲ್ಲಿ ಗ್ಯಾಸ್ ಗೀಸರ್, ಎಲ್ಲೂ ಗಾಳಿಕಿಂಡಿ ಇಲ್ಲ ಅಂದರೆ ಆ ಪಿ.ಜಿ. ಎಷ್ಟೇ ಅಗ್ಗವಾದರೂ ಬೇಡ.

ಮೈಸೂರಿಗೆ ಇದೆಲ್ಲ ಹೊಸ ವಿಷಯವೇನಲ್ಲ ಅನ್ನುವುದೇ ನನಗೆ ಹೆಚ್ಚು ಬೇಜಾರು ತರುವ ಸಂಗತಿ.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು, ಹಿಂದೆಯೇ ಮೈಸೂರಿಗೂ ಬಂತು. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕಥೆಗಳು ನಮ್ಮ ಹಳ್ಳಿಗಳಲ್ಲಿ ಅಜ್ಜಿಯರ ಬಾಯಲ್ಲಿ ಇನ್ನೂ ಇವೆ. ಒತ್ತೊತ್ತಾಗಿ ಕಟ್ಟಿದ, ಬೆಳಕಿಲ್ಲದ, ಗಾಳಿಯಾಡದ ಮನೆಗಳೇ ರೋಗದ ಗೂಡು ಅಂತ ಆಗಿನ ಸರ್ಕಾರ ತೀರ್ಮಾನಿಸಿತು. 1903ರಲ್ಲಿ ಮೈಸೂರಿಗೆ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡ್ ಹುಟ್ಟಿತು, ದೇಶದಲ್ಲೇ ಮೊದಮೊದಲಿನ ಇಂಥ ಸಂಸ್ಥೆಗಳಲ್ಲಿ ಅದೂ ಒಂದು. ಕಿಕ್ಕಿರಿದ ಕೇರಿಗಳನ್ನು ಬಿಡಿಸಿ, ಅಗಲವಾದ ರಸ್ತೆ ಹಾಕಿ, ಹೊಸ ಬಡಾವಣೆಗಳನ್ನು ಮಾಡಿದರು. ಹಳೆಯ ಬಡಾವಣೆಗಳಲ್ಲಿ ಓಡಾಡಿದವರಿಗೆ ಮನೆಗಳ ಹಿಂದುಗಡೆ ಉದ್ದಕ್ಕೂ ಹೋಗುವ ಕನ್ಸರ್ವೆನ್ಸಿ ಗಲ್ಲಿಗಳು ಗೊತ್ತಿರುತ್ತವೆ. ಚರಂಡಿ, ಕಕ್ಕಸು ಶುಚಿ ಮಾಡುವುದಕ್ಕೆ ಅಂತ ಬಿಟ್ಟ ಜಾಗ ಅವು. ಆದರೆ ಅವುಗಳಿಂದ ಮನೆಯ ಮುಂದೆ ಬೀದಿ, ಹಿಂದೆ ಗಲ್ಲಿ, ಎರಡು ಕಡೆಯಿಂದಲೂ ಗಾಳಿ.

ಪ್ಲೇಗ್ ಹರಡಿದ್ದು ಇಲಿಯ ಮೈಮೇಲಿನ ಚಿಗಟದಿಂದ, ಕೆಟ್ಟ ಗಾಳಿಯಿಂದಲ್ಲ. ಅಂದರೆ ಅವರ ಕಾರಣ ಅರ್ಧ ತಪ್ಪಿತ್ತು, ಕಟ್ಟಿದ ಮನೆ ಸರಿಯಿತ್ತು. ಇಂದು ನಮಗೆ ಕಾರಣವೆಲ್ಲ ಗೊತ್ತು, ಕಟ್ಟುವ ಮನೆ ಮಾತ್ರ ಹೀಗೆ. ಆ ಟ್ರಸ್ಟ್ ಬೋರ್ಡಿನ ಜಾಗಕ್ಕೆ ಆಮೇಲೆ ಬಂದದ್ದೇ ಮುಡಾ. ಮುಡಾ ಅಂದರೆ ಈಗ ಜನಕ್ಕೆ ನೆನಪಾಗುವುದು ಸೈಟಿನ ಗಲಾಟೆ. ಗಾಳಿಗಾಗಿ ಹುಟ್ಟಿದ ಸಂಸ್ಥೆಯ ವಂಶದ್ದು ಅದು ಅಂತ ಯಾರಿಗೂ ನೆನಪಿಲ್ಲ. ಕನ್ಸರ್ವೆನ್ಸಿ ಗಲ್ಲಿಗಳಲ್ಲಿ ಬೈಕು ನಿಂತಿವೆ, ಕಸ ಬಿದ್ದಿದೆ, ಕೆಲವು ಕಡೆ ಗೋಡೆಯೇ ಎದ್ದಿದೆ.

ನಿಯಮ ಇಲ್ಲ ಅನ್ನುವ ಹಾಗೂ ಇಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಜನ ವಾಸ ಮಾಡುವ ರೂಮಿನ ಕಿಟಕಿ ಹೊರಗಾಳಿಗೆ ಅಥವಾ ತೆರೆದ ಜಗಲಿಗೆ ತೆರೆಯಬೇಕು. ಅದರ ಅಳತೆ ಒಣ ಸೆಖೆಯ ಊರಿನಲ್ಲಿ ನೆಲದ ಹತ್ತರಲ್ಲಿ ಒಂದು ಪಾಲು, ತೇವದ ಸೆಖೆಯ ಊರಿನಲ್ಲಿ ಆರರಲ್ಲಿ ಒಂದು ಪಾಲು ಇರಬೇಕು. ಹತ್ತಡಿಗೆ ಹತ್ತಡಿ ರೂಮು ಅಂದರೆ ಕಡಿಮೆ ಅಂದರೂ ಹತ್ತು ಚದರಡಿ ಕಿಟಕಿ. ಪ್ಲೈವುಡ್ ಅಡ್ಡ ಹಾಕಿದ ದಿನವೇ ಆ ಲೆಕ್ಕ ಮುಗಿಯಿತು. ನನ್ನ ಅಭಿಪ್ರಾಯ ಕೇಳಿದರೆ, ಪಿ.ಜಿ.ಗೆ ಪರವಾನಗಿ ಕೊಡುವಾಗ ಸಿಸಿಟಿವಿ ಇದೆಯೇ ಅಂತ ಕೇಳುವ ಮೊದಲು ಒಂದೊಂದು ಮಂಚಕ್ಕೂ ಎಷ್ಟು ಕಿಟಕಿ ಅಂತ ಎಣಿಸಬೇಕು. ಬಾಗಿಲ ಮೇಲೆ ಬರೆದು ಹಾಕಬೇಕು: ಈ ರೂಮಿಗೆ ಇಷ್ಟೇ ಮಂಚ. ಆಟೋದಲ್ಲಿ ಮೂರು ಜನ ಅಂತ ಬರೆಯುವುದಿಲ್ಲವೇ, ಹಾಗೆ.

ಓನರುಗಳ ಮಾತನ್ನೂ ಕೇಳಿದ್ದೇನೆ. ಇಷ್ಟು ಬಾಡಿಗೆಗೆ ಇನ್ನೇನು ಅರಮನೆ ಕೊಡೋಕಾಗುತ್ತಾ ಅನ್ನುತ್ತಾರೆ. ಕಿಟಕಿ ತೆಗೆದರೆ ಸೊಳ್ಳೆ, ಕಳ್ಳರು ಅನ್ನುತ್ತಾರೆ. ಬಾಡಿಗೆಯ ಮಾತಿನಲ್ಲಿ ಸತ್ಯ ಇದೆ, ಬಡವರ ಮಕ್ಕಳಿಗೆ ಅಗ್ಗದ ರೂಮು ಬೇಕೇ ಬೇಕು. ನಿಯಮ ಅಂತ ಹೇಳಿ ಬಾಡಿಗೆ ಎರಡರಷ್ಟು ಮಾಡಿದರೆ ಊರಿಗೆ ವಾಪಸ್ ಹೋಗುವುದು ನಮ್ಮ ಹುಡುಗಿಯರೇ. ಸರ್ಕಾರಿ ಹಾಸ್ಟೆಲ್‌ಗಳು ಸಾಕಷ್ಟು ಇದ್ದಿದ್ದರೆ ಈ ಮಾತೇ ಬರುತ್ತಿರಲಿಲ್ಲ.

ಆದರೆ ಹುಡುಗಿಯರ ಪಿ.ಜಿ.ಗಳಲ್ಲಿ ಕಿಟಕಿ ಮುಚ್ಚುವುದಕ್ಕೆ ಇನ್ನೊಂದು ಕಾರಣ ಕೊಡುತ್ತಾರೆ: ಸೇಫ್ಟಿ. ಎದುರು ಬೀದಿಯ ಹುಡುಗರು ನೋಡುತ್ತಾರೆ ಅಂತ ಕಿಟಕಿಗೆ ಪೇಪರ್ ಅಂಟಿಸುತ್ತಾರೆ, ಮೊಳೆ ಹೊಡೆಯುತ್ತಾರೆ. ಅಪ್ಪಂದಿರಿಗೆ ಇದನ್ನು ನೋಡಿ ಸಮಾಧಾನ ಆಗುತ್ತದೆ! ಬೀದಿಯಲ್ಲಿ ನಿಂತು ನೋಡುವವನಿಗೆ ಏನೂ ಇಲ್ಲ, ಒಳಗೆ ಮಲಗುವವಳಿಗೆ ಗಾಳಿ ಇಲ್ಲ. ಒಬ್ಬಳು ನನಗೆ ಹೇಳಿದಳು, ಮೂರು ವರ್ಷ ಆ ರೂಮಿನಲ್ಲಿದ್ದೆ, ಮಳೆ ಬರುತ್ತಿದೆಯಾ ಇಲ್ಲವಾ ಅಂತ ತಿಳಿಯಬೇಕಾದರೆ ಗೇಟಿನವರೆಗೆ ಹೋಗಬೇಕಿತ್ತು ಅಂತ.

ಸೂರಿನ ಹತ್ತಿರ, ಆಳೆತ್ತರಕ್ಕಿಂತ ಮೇಲೆ ಎರಡು ಗಾಳಿಕಿಂಡಿ ಇಟ್ಟರೆ ಯಾರೂ ಇಣುಕುವ ಹಾಗಿಲ್ಲ. ಬಿಸಿಗಾಳಿ ಮೇಲಕ್ಕೇ ಹೋಗುವುದರಿಂದ ಅದು ಅಲ್ಲಿಂದ ಹೊರಗೂ ಹೋಗುತ್ತದೆ. ಸೊಳ್ಳೆಗೆ ಏನು ಮಾಡುವುದು ಅನ್ನುವುದನ್ನು ನಮ್ಮ ರೇಷ್ಮೆಯವರು ಆಗಲೇ ಕಂಡುಕೊಂಡಿದ್ದಾರೆ. 1980ರಲ್ಲಿ ಊಜಿ ನೊಣ ಕರ್ನಾಟಕಕ್ಕೆ ಬಂದು ಹುಳುವಿನ ಮೈಮೇಲೆ ಮೊಟ್ಟೆ ಇಡಲು ಶುರು ಮಾಡಿದಾಗ ಯಾರೂ ಕಿಟಕಿಗೆ ಮೊಳೆ ಹೊಡೆಯಲಿಲ್ಲ. ನೈಲಾನ್ ಜಾಲರಿ ಹೊಡೆದರು. ನೊಣ ಹೊರಗೆ, ಗಾಳಿ ಒಳಗೆ. ಅದೇ ಜಾಲರಿ ಸೊಳ್ಳೆಗೂ ಆಗುತ್ತದೆ. ಜಾಲರಿ ಆಗದಿದ್ದರೆ ಮಂಚಕ್ಕೊಂದು ಸೊಳ್ಳೆಪರದೆ.

ಪೇಟೆಯ ರೂಮುಗಳನ್ನು ಇಷ್ಟು ಬೈದ ಮೇಲೆ ಊರಿನ ನಮ್ಮ ಮನೆಗಳ ಕಡೆಗೂ ನೋಡಬೇಕು. ತೊಟ್ಟಿ ಮನೆಯ ಕಾಲ ಚೆನ್ನಾಗಿತ್ತು ಅಂತ ಹಾಡುವವನಲ್ಲ ನಾನು. ಆ ಮನೆಗಳಲ್ಲಿ ಒಲೆಯ ಹೊಗೆ, ಕೊಟ್ಟಿಗೆಯ ಗಂಜಲ, ಕತ್ತಲು ಎಲ್ಲ ಇತ್ತು. ಆದರೆ ಹೆಂಚಿನ ಸಂದಿಯಲ್ಲಾದರೂ ಗಾಳಿ ಆಡುತ್ತಿತ್ತು, ಬೇಸಿಗೆಯಲ್ಲಿ ಜಗಲಿ ಇತ್ತು. ಈಗ ಮೋಲ್ಡ್ ಹಾಕಿಸಿದ ಮನೆ, ಕಿಟಕಿಗೆ ಗಾಜು, ಗಾಜಿಗೆ ಪರದೆ, ಪರದೆಯ ಹಿಂದೆ ಬೀರು. ಸೂರಿಗೆ ಬೇಸಿಗೆಗೆ ಮುಂಚೆ ಒಂದು ಸಲ ಬಿಳಿ ಸುಣ್ಣ ಹೊಡೆದರೂ ಶಾಖ ಸ್ವಲ್ಪ ಇಳಿಯುತ್ತದೆ. ಅದನ್ನೂ ಮಾಡುವುದಿಲ್ಲ.

ಅದಕ್ಕಿಂತ ಕೆಟ್ಟದ್ದು ಮಂಚದ ಕೆಳಗೆ ಇದೆ. ಔಷಧಿ ಹೊಡೆಯುವ ಟ್ಯಾಂಕು, ಅರ್ಧ ಉಳಿದ ಕ್ರಿಮಿನಾಶಕದ ಡಬ್ಬಿ, ಯೂರಿಯಾ ಮೂಟೆ, ಎಲ್ಲ ಕಳ್ಳತನದ ಭಯಕ್ಕೆ ಮಲಗುವ ಕೋಣೆಗೇ ಬರುತ್ತವೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಬೇಯಿಸಿದ ಹೊಗೆಸೊಪ್ಪನ್ನು ಮಾರುಕಟ್ಟೆಗೆ ಹೋಗುವವರೆಗೂ ಮನೆಯೊಳಗೇ ಪೇರಿಸಿಟ್ಟು ಅದರ ಪಕ್ಕದಲ್ಲೇ ಮಕ್ಕಳನ್ನು ಮಲಗಿಸುತ್ತಾರೆ. ಎಲ್ಲಕ್ಕಿಂತ ಅಪಾಯದ್ದು ಕಾಳಿಗೆ ಹುಳು ಬೀಳದಂತೆ ಮೂಟೆಯಲ್ಲಿ ಇಡುವ ಮಾತ್ರೆ. ಗಾಳಿಯ ತೇವ ತಾಗಿದರೆ ಅದರಿಂದ ಫಾಸ್ಫೀನ್ ಅನ್ನುವ ಅನಿಲ ಬಿಡುಗಡೆಯಾಗುತ್ತದೆ. ಮೊದಲು ತಲೆನೋವು, ವಾಂತಿ, ಎದೆ ಹಿಡಿದ ಹಾಗೆ. ಮುಚ್ಚಿದ ಕೋಣೆಯಲ್ಲಿ ಅದು ಮನುಷ್ಯರನ್ನು ಕೊಲ್ಲುತ್ತದೆ, ಮಕ್ಕಳನ್ನು ಮೊದಲು. ಆ ಮಾತ್ರೆ ಇಟ್ಟ ಮೂಟೆ ಇರುವ ಕೋಣೆಯಲ್ಲಾಗಲಿ, ಅದರ ಪಕ್ಕದ ಕೋಣೆಯಲ್ಲಾಗಲಿ ಒಂದು ರಾತ್ರಿಯೂ ಯಾರೂ ಮಲಗಬಾರದು. ಇದೊಂದನ್ನು ಮಾತ್ರ ಇವತ್ತೇ ಹೋಗಿ ನೋಡಿ.

ಸದ್ದಿನ ವಿಷಯ ಬರೆದರೆ ಇನ್ನೊಂದು ಲೇಖನವಾಗುತ್ತದೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಹಾಕಬಾರದು ಅಂತ 2000ದಿಂದಲೇ ನಿಯಮ ಇದೆ ಅನ್ನುವುದನ್ನು ನೆನಪಿಸಿ ಬಿಡುತ್ತೇನೆ.

ಮೊಬೈಲ್ ಬಗ್ಗೆಯೂ ಉದ್ದ ಹೇಳುವುದಿಲ್ಲ, ನೀವು ಇದನ್ನು ಓದುತ್ತಿರುವುದೂ ಅದರಲ್ಲೇ, ಬಹುಶಃ ಮಲಗಿಕೊಂಡೇ. ದೀಪ ಆರಿಸಿ ಕಣ್ಣಿನ ಹತ್ತಿರ ಬೆಳಕು ಹಿಡಿದರೆ ನಿದ್ದೆ ಹಿಂದಕ್ಕೆ ಹೋಗುತ್ತದೆ. ಭಾನುವಾರ ಹತ್ತು ಗಂಟೆವರೆಗೆ ಮಲಗಿದವರಿಗೂ ತಲೆನೋವು ಬರುವುದುಂಟು, ಮೈಗ್ರೇನ್ ಇರುವವರಿಗೆ ನಿದ್ದೆ ಕಡಿಮೆಯಾದರೂ ಆಗದು, ಹೆಚ್ಚಾದರೂ ಆಗದು. ದಿನವೂ ಒಂದೇ ಹೊತ್ತಿಗೆ ಮಲಗಿ ಒಂದೇ ಹೊತ್ತಿಗೆ ಏಳುವುದು ಅವರಿಗೆ ಔಷಧಿಯಷ್ಟೇ ಕೆಲಸ ಮಾಡುತ್ತದೆ.

ಈ ವರ್ಷ ಮಗನಿಗೋ ಮಗಳಿಗೋ ಮೈಸೂರಿನಲ್ಲಿ ರೂಮು ನೋಡಲು ಬರುವವರು ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಬನ್ನಿ. ಅಡ್ವಾನ್ಸ್ ಕೊಡುವ ಮೊದಲು ಒಳಗೆ ಹೋಗಿ ಲೈಟು ಆರಿಸಿ. ಅಂಥ ಹೊತ್ತಿನಲ್ಲೂ ಪೇಪರ್ ಓದಲು ಬೆಳಕಿಲ್ಲ ಅಂದರೆ ಬೇರೆ ರೂಮು ನೋಡಿ. ಗೋಡೆಗೆ ಕೈಯಿಟ್ಟು ತೇವ ಇದೆಯಾ ನೋಡಿ, ಮಂಚದ ಮೂಲೆಯಲ್ಲಿ ಬೂಷ್ಟಿನ ವಾಸನೆ ಬರುತ್ತದಾ ನೋಡಿ. ಕಿಟಕಿ ತೆರೆಯುವುದು ಬೀದಿಗೋ ಡಕ್ಟ್‌ಗೋ ಅಂತ ಕತ್ತು ಚಾಚಿ ನೋಡಿ. ಗೀಸರ್ ಕರೆಂಟಿನದೋ ಗ್ಯಾಸಿನದೋ ಕೇಳಿ. ಈಗಾಗಲೇ ಆ ರೂಮಿನಲ್ಲಿ ಇರುವ ಮಕ್ಕಳನ್ನು ಓನರ್ ಇಲ್ಲದಾಗ ಪಕ್ಕಕ್ಕೆ ಕರೆದು ಬೆಳಿಗ್ಗೆ ಏಳುವಾಗ ತಲೆ ಹೇಗಿರುತ್ತದೆ ಅಂತ ವಿಚಾರಿಸಿ.

ಕೊನೆಗೆ ಜೇಬಿನಿಂದ ಒಂದು ಅಗರಬತ್ತಿ ತೆಗೆದು ಹಚ್ಚಿ, ಫ್ಯಾನ್ ಆರಿಸಿ, ರೂಮಿನ ನಡುವೆ ಹಿಡಿದುಕೊಂಡು ಹೊಗೆ ಯಾವ ಕಡೆಗೆ ಹೋಗುತ್ತದೆ ನೋಡಿ. ಕಿಟಕಿಯ ಕಡೆಗೋ ಬಾಗಿಲ ಕಡೆಗೋ ಎಳೆದುಕೊಂಡು ಹೋದರೆ ಸರಿ. ನೆಟ್ಟಗೆ ಮೇಲಕ್ಕೆ ಹೋಗಿ ಅಲ್ಲೇ ಸುತ್ತುತ್ತ ನಿಂತರೆ ರೂಮಿನಲ್ಲಿ ಗಾಳಿ ಆಡುತ್ತಿಲ್ಲ ಅಂತ ತಿಳಿಯಿರಿ. ಇದೇನು ಮಾಡ್ತಿದ್ದೀರಿ ಅಂತ ಓನರ್ ಕೇಳಿದರೆ, ಹೊಸ ರೂಮಲ್ವಾ ಸ್ವಾಮಿ, ಪೂಜೆ ಅನ್ನಿ.